ಹುಳಿಯಕ್ಕನ ಎರಡನೇ ಬಾಟಲಿ

"ಚೆಲ್ಲಬೇಡ, ಚೆಲ್ಲಬೇಡ!"

ಹುಳಿಯಕ್ಕನ ಮಗಳು ಮುಚ್ಚಳ ತಿರುವಿ, ಬಾಟಲಿಯನ್ನು ಸಿಂಕಿನ ಮೇಲೆ ಬಗ್ಗಿಸಿಯೂ ಆಗಿತ್ತು. ಮೌನಿ ಅಡುಗೆಮನೆಯ ಬಾಗಿಲಿನಿಂದ ಎರಡೇ ಹೆಜ್ಜೆಯಲ್ಲಿ ಬಂದು ಅವಳ ಮಣಿಕಟ್ಟು ಹಿಡಿದ. ಅಮ್ಮನ ಪ್ರಯೋಗಾಲಯದ ಸಹಾಯಕನಾಗಿ ಹದಿನಾಲ್ಕು ವರ್ಷಗಳಿಂದ ಈ ಮನೆಗೆ ಬಂದುಹೋಗುವ ಈ ಮನುಷ್ಯ ಇಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಕಾರ್ಖಾನೆಯವರು ಅವನಿಗೆ ಮೌನಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ಏನ್ ಮಾಮ, ಹೆದರಿಸಿಬಿಟ್ರಲ್ಲ! ಬಂದೋರಿಗೆ ತಣ್ಣೀರಿಡೋಣ ಅಂದ್ರೆ ಫ್ರಿಜ್ಜಲ್ಲಿ ಜಾಗ ಇಲ್ಲ. ಹಾಲಿನ ಹಿಂದೆ ಇದು ಕೂತಿದೆ. ಅಮ್ಮ ಹೋದ್ರೂ ಅಮ್ಮನ ಈ ಹಾಳು ನೀರು ನಮ್ಮನ್ನ ಬಿಡಲಿಲ್ಲ ನೋಡಿ."

"ಮೊದಲು ಮುಚ್ಚಳ ಹಾಕು," ಎಂದ ಮೌನಿ.

ಕಂದು ಗಾಜಿನ ಅರ್ಧ ಲೀಟರ್ ಬಾಟಲಿ. ಅದಕ್ಕೆ ಅಂಟಿಸಿದ ಚೀಟಿಯ ಮೇಲೆ ಹುಳಿಯಕ್ಕನ ಗುಂಡಗಿನ ಅಕ್ಷರ: 'ಮೂರನೇ ಕೊಳ. ಮಂಗಳವಾರ ಬೆಳಿಗ್ಗೆ ಏಳು ಹತ್ತು. ಎರಡನೇ ಬಾಟಲಿ. ಆಮ್ಲ ಹಾಕಿದೆ.' ಮೌನಿ ಒಮ್ಮೆ ಓದಿದ, ಮತ್ತೊಮ್ಮೆ ಓದಿದ. ಕೊನೆಯ ಎರಡು ಪದಗಳ ಮೇಲೆ ಬೆರಳಿಟ್ಟ. ಈ ಬಾಟಲಿಗೆ ಆಮ್ಲ ಹಾಕಿದೆ ಎಂದರೆ ಪ್ರಯೋಗಾಲಯದ ಮೇಜಿನ ಮೇಲಿದ್ದ ಮೊದಲನೇ ಬಾಟಲಿಗೆ ಹಾಕಿರಲಿಲ್ಲ. ಅದು ಅವನಿಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಮರೆತಿದ್ದ. ಆ ಮೊದಲನೇ ಬಾಟಲಿಯ ನೀರನ್ನು ನಿನ್ನೆ ಪರೀಕ್ಷೆ ಮಾಡಿ, 'ಕೊಳದ ನೀರನ್ನು ಹಳ್ಳಕ್ಕೆ ಬಿಡಬಹುದು' ಎಂದು ಬರೆದು ಸಹಿ ಹಾಕಿ ಬಂದಿದ್ದ. ಇವತ್ತು ನಾಲ್ಕು ಗಂಟೆಗೆ ಮೂರನೇ ಕೊಳದ ಗೇಟು ತೆರೆಯುವುದಿತ್ತು.

"ಇದು ಅಷ್ಟೊಂದು ಬೇಕಾದದ್ದಾ ಮಾಮ? ನಾನು ಚೆಲ್ಲಿಬಿಟ್ಟಿದ್ರೆ?"

ಚೆಲ್ಲಿಬಿಟ್ಟಿದ್ದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಅವನಿಗೂ ಬಂತು. ಬಂದದ್ದಕ್ಕೆ ಕಿವಿಯವರೆಗೆ ನಾಚಿಕೆಯಾಯಿತು. ಬಾಟಲಿಯನ್ನು ಒರೆಸಿ, ಬಾಗಿಲ ಹಿಂದೆ ನೇತುಹಾಕಿದ್ದ ಬಟ್ಟೆಚೀಲದೊಳಗೆ ಇಟ್ಟುಕೊಂಡ.

ಹುಳಿಯಕ್ಕ ಎಂದರೆ ಯಾವಾಗಲೂ ಮುಖ ಗಂಟಿಕ್ಕಿಕೊಂಡಿದ್ದ ಹೆಂಗಸು ಎಂದು ತಿಳಿಯಬಾರದು. ಆ ಹೆಸರು ಬಂದದ್ದು ಅವಳ ಕೆಲಸದಿಂದ. ಊರಾಚೆಯ ಕಾರ್ಖಾನೆಯಲ್ಲಿ ಎಣ್ಣೆಕಲ್ಲು ಬೇಯಿಸುತ್ತಾರೆ. ಪದರ ಪದರವಾದ ಕಂದು ಕಲ್ಲು ಅದು. ಪುಡಿ ಮಾಡಿ, ಗಾಳಿಯಾಡದ ಕುಲುಮೆಯಲ್ಲಿ ಕಾಯಿಸಿದರೆ ಒಳಗಿನ ಎಣ್ಣೆ ಆವಿಯಾಗಿ ಹೊರಡುತ್ತದೆ, ಜೊತೆಗೆ ನೀರೂ ಬರುತ್ತದೆ. ಎಣ್ಣೆಗೆ ಗಿರಾಕಿಗಳು ನೂರು ಜನ. ಆ ನೀರಿಗೆ ಮಾತ್ರ ಹುಳಿಯಕ್ಕ ಒಬ್ಬಳೇ. ಚಹಾದ ಬಣ್ಣದ ಆ ನೀರಿನಲ್ಲಿ ಹುಳಿ ಆಮ್ಲಗಳ ತುಂಬು ಸಂಸಾರವೇ ಇರುತ್ತದೆ. ವಿನೆಗರಿನ ಆಮ್ಲ ಹಿರಿಯಣ್ಣ. ಅವನ ಹಿಂದೆ ಹಳಸಿದ ಬೆಣ್ಣೆಯ ವಾಸನೆಯವನು, ವಾರಗಟ್ಟಲೆ ಒಗೆಯದ ಕಾಲುಚೀಲದ ವಾಸನೆಯವನು, ಹೀಗೆ ಸಾಲಾಗಿ ತಮ್ಮಂದಿರು. ಕೊಳದಲ್ಲಿ ನಿಂತು ನಿಂತು ಇವರೆಲ್ಲ ಕರಗಿದ ಮೇಲಷ್ಟೇ ನೀರು ಹಳ್ಳಕ್ಕೆ ಹೋಗಬಹುದು. ಲೀಟರಿಗೆ ಐವತ್ತು ಮಿಲಿಗ್ರಾಂ ದಾಟಿದರೆ ಗೇಟು ಮುಚ್ಚಿರಬೇಕು. ದಾಟಿತೋ ಇಲ್ಲವೋ ಎಂದು ಹೇಳುವುದು ಮೂವತ್ತೊಂದು ವರ್ಷ ಅವಳ ಕೆಲಸವಾಗಿತ್ತು. ಅಳೆದೂ ಅಳೆದೂ ಆ ವಾಸನೆ ಅವಳ ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ ಇಳಿದಿತ್ತು. ದಿನಾ ತೊಳೆದರೂ ಮರುದಿನ ಸಂಜೆಗೆ ಮತ್ತೆ ಹಾಜರು.

ಹೊರಗಿನ ಕೋಣೆಯಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿದ್ದರು. ಈಗ ಅವಳ ಸುತ್ತ ಬರೀ ಹೂವಿನ ವಾಸನೆ. ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತ ಗಂಡ ಬಂದವರಿಗೆಲ್ಲ ಕತೆ ಹೇಳುತ್ತಿದ್ದ. ಕಾರ್ಖಾನೆಯ ಕಲ್ಲಿನ ಲಾರಿ ಓಡಿಸಿ ನಿವೃತ್ತನಾದವನು. ನಾಲ್ಕು ಜನರ ಎದುರು ಅಳುವುದು ಅವನಿಗೆ ಬರುತ್ತಿರಲಿಲ್ಲ, ಬಾಯಿ ಮುಚ್ಚಿ ಕೂರುವುದೂ ಬರುತ್ತಿರಲಿಲ್ಲ.

"ದಿನಾ ಸಂಜೆ ಐದೂ ಮುಕ್ಕಾಲಿಗೆ ಇವಳು ಬೀದಿ ತಿರುವಲ್ಲಿ ಕಾಣ್ತಿದ್ದ ಹಾಗೇ ನಾನು ಕಿಟಕಿ ತೆಗೀತಾ ಬರ್ತಿದ್ದೆ. ಒಂದು, ಎರಡು, ಮೂರು, ನಾಲ್ಕು. ಎದುರುಮನೆಯೋರು ನಮ್ಮ ಕಿಟಕಿ ಸದ್ದು ಕೇಳಿ ಗಡಿಯಾರ ಸರಿ ಮಾಡ್ಕೋತಿದ್ರು. ಕೇಳಿ ಬೇಕಾದ್ರೆ, ಇಲ್ಲೇ ಕೂತಿದಾರೆ. ಇವಳು ಒಳಗೆ ಬಂದೋಳೇ 'ಚಳಿ ಆಗ್ತಿದೆ, ಮುಚ್ರೀ' ಅನ್ನೋಳು. 'ನೀನು ಮೊದಲು ಸ್ನಾನ ಮಾಡು, ಆಮೇಲೆ ಮುಚ್ತೀನಿ' ಅನ್ನೋನು ನಾನು. ಮೂವತ್ತು ವರ್ಷ ಇದೇ ಜಗಳ. ಒಂದು ದಿನಾನೂ ಗೆಲ್ಲಲಿಲ್ಲ ಅವಳು."

ಎದುರುಮನೆಯಾಕೆ ನಗಲು ಹೋಗಿ ಅತ್ತುಬಿಟ್ಟಳು.

"ನನ್ನ ಶಾಲೇಲಿ ಹುಳಿಮರಿ ಅಂತಿದ್ರು," ಎಂದಳು ಮಗಳು, ನೀರಿನ ಲೋಟಗಳನ್ನು ಹಿಡಿದು ನಿಂತಲ್ಲೇ. "ಶಾಲೆ ಬಾಗಿಲಿಗೆ ಬರಬೇಡ ಅಂತ ಅಮ್ಮನ ಹತ್ರ ರಂಪ ಮಾಡಿದ್ದೆ. ಆಮೇಲೆ ಬರಲೇ ಇಲ್ಲ. ಮೂಲೆ ಅಂಗಡಿ ಹತ್ರ ನಿಂತಿರೋಳು. ನಾನು ನೋಡಿದ್ರೂ ನೋಡದ ಹಾಗೆ ಹೋಗ್ತಿದ್ದೆ."

ದೂರದ ಊರಿನ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಮೊನ್ನೆ ಬಂದವಳೇ ನೆಲ, ಗೋಡೆ, ಪರದೆ ಎಲ್ಲ ತೊಳೆದಿದ್ದಳು. ಅಮ್ಮನ ಬಟ್ಟೆಗಳನ್ನೆಲ್ಲ ಎಳೆದು ಮೂರು ಮೂರು ಸಲ ಒಗೆದು ಹರವಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೈಗೊಂದು ಕೆಲಸ ಬೇಕಿತ್ತು, ಅಷ್ಟೇ.

ಹನ್ನೊಂದೂವರೆಗೆ ಕಾರ್ಖಾನೆಯ ಮ್ಯಾನೇಜರ್ ಬಂದರು. ಅವರ ಹಿಂದೆ ಗೇಟಜ್ಜ ಬಂದ. ಕೊಳಗಳ ಗೇಟಿನ ಚಕ್ರ ತಿರುಗಿಸುವುದು ಅವನ ಕೆಲಸ. ಹಳ್ಳದ ದಡದಲ್ಲೇ ಮನೆ, ಮನೆಯಲ್ಲಿ ಅವನು ಮತ್ತು ಹನ್ನೆರಡು ಬಾತುಕೋಳಿ. ಮ್ಯಾನೇಜರ್ ಹೂವಿಟ್ಟು, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಇವರು ಕೊನೇದಾಗಿ ತಂದ ಸ್ಯಾಂಪಲ್ಲು ಮೂರನೇ ಕೊಳದ್ದು. ನಿನ್ನೆ ಅದರ ಫಲಿತಾಂಶ ಬಂತು. ಎಷ್ಟು ಗೊತ್ತಾ? ಮೂವತ್ತೊಂದು. ಇವರ ಸೇವೇನೂ ಮೂವತ್ತೊಂದು ವರ್ಷ. ಇದನ್ನ ಏನಂತ ಹೇಳೋದು! ಇವತ್ತು ನಾಲ್ಕಕ್ಕೆ ಗೇಟ್ ತೆಗೆಯೋವಾಗ ನಾವೆಲ್ಲ ಅಲ್ಲಿ ಒಂದು ನಿಮಿಷ ನಿಂತು ಇವರನ್ನ ನೆನೆಸ್ಕೊಳ್ಳೋಣ. ಮನೆಯೋರೂ ಬರಬೇಕು. ಸ್ಮಶಾನದಿಂದ ನೇರ ವ್ಯಾನ್ ಬರುತ್ತೆ."

ಎಲ್ಲರೂ ತಲೆಯಾಡಿಸಿದರು. ಗಂಡನಿಗೂ ಆ ಮಾತು ಹಿಡಿಸಿದ ಹಾಗಿತ್ತು. ಮೌನಿಯ ಕೈಯಲ್ಲಿದ್ದ ಚೀಲ ಮಾತ್ರ ಭಾರವಾಗುತ್ತಾ ಹೋಯಿತು.

* * *

ಮಂಗಳವಾರ ಬೆಳಿಗ್ಗೆ ಹುಳಿಯಕ್ಕ ಕೊಳದಿಂದ ಬಂದು ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟಿದ್ದಳು. ಅದು ಅವಳ ಕ್ರಮ. ಒಂದು ಬಾಟಲಿ ಆಗಿಂದಾಗಲೇ ಪರೀಕ್ಷೆಗೆ. ಅದಕ್ಕೆ ಏನೂ ಹಾಕುವುದಿಲ್ಲ. ಎರಡನೆಯದಕ್ಕೆ ಕೊಳದ ದಂಡೆಯಲ್ಲೇ ಗಂಧಕಾಮ್ಲದ ಹನಿಗಳನ್ನು ಬಿಟ್ಟು, ತಂಪಿನಲ್ಲಿ ಎತ್ತಿಡುವುದು. ಮೊದಲನೆಯದರ ಮೇಲೆ ಯಾರಿಗಾದರೂ ಅನುಮಾನ ಬಂದರೆ ಎರಡನೆಯದು ಸಾಕ್ಷಿ. ಪ್ರಯೋಗಾಲಯದ ಫ್ರಿಜ್ಜು ಕೆಟ್ಟು ತಿಂಗಳಾಗಿತ್ತು. ಹಾಗಾಗಿ ಸಾಕ್ಷಿಗಳೆಲ್ಲ ಅವಳ ಮನೆಯಲ್ಲಿ ಹಾಲಿನ ಹಿಂದೆ ಕೂರುತ್ತಿದ್ದವು.

"ಯಾಕೋ ಮೈ ಭಾರ ಕಣೋ," ಎಂದಿದ್ದಳು. "ಮನೆಗೆ ಹೋಗಿ ಇದನ್ನ ಫ್ರಿಜ್ಜಿಗಿಟ್ಟು, ಅರ್ಧ ಗಂಟೆ ಮಲಗಿ ಬರ್ತೀನಿ. ನೀನು ಶುರು ಮಾಡ್ಬಿಡು. ಬಿಸಿಲು ಏರ್ತಿದೆ. ತಡ ಮಾಡಿದ್ರೆ ನೆಂಟರು ಬಂದುಬಿಡ್ತಾರೆ."

ನೆಂಟರು ಎಂದರೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು. ಅವು ಆಮ್ಲಗಳನ್ನೇ ತಿಂದು ಬದುಕುತ್ತವೆ. ನಾಲ್ಕು ಹನಿ ಗಂಧಕಾಮ್ಲ ಬಿದ್ದರೆ, ತಂಪಿನಲ್ಲಿಟ್ಟರೆ, ಕೈಕಾಲು ಮಡಚಿಕೊಂಡು ಸುಮ್ಮನಿರುತ್ತವೆ. ಆ ಗಂಧಕಾಮ್ಲ ಹಬೆಯ ಜೊತೆ ಏರುವುದಿಲ್ಲ, ಹಾಗಾಗಿ ಅಳತೆಗೆ ಸಿಕ್ಕುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಹುಳಿಯಕ್ಕ ಮೌನಿಗೆ ಹೇಳಿಕೊಟ್ಟಿದ್ದಳು: "ಬಾಟಲೀನ ಬಿಸಿಲಲ್ಲಿ ಮರೆತ್ರೆ ನೆಂಟರು ಕೂತು ಊಟ ಮುಗಿಸಿ ಎದ್ದು ಹೋಗ್ತಾರೆ. ಆಮೇಲೆ ನಾವು ಬಂದು ಖಾಲಿ ಪಾತ್ರೆ ನೋಡಿ, ಈ ಮನೇಲಿ ಅಡುಗೇನೇ ಆಗಿರಲಿಲ್ಲ ಅಂತ ಬರೀತೀವಿ."

"ಹೂಂ ಅಕ್ಕ, ಶುರು ಮಾಡ್ತೀನಿ," ಎಂದಿದ್ದ ಮೌನಿ.

ಬರ್ನರ್ ಹಚ್ಚಿದ್ದ. ನೀರನ್ನು ಅಳೆದು ಸುರಿಯುವ ಮೊದಲೇ ಅಕ್ಕನ ಗಂಡ, ಭಾವನ ಫೋನು ಬಂತು: ಮಲಗಿದವಳು ಏಳುತ್ತಿಲ್ಲ. ಬರ್ನರ್ ಆರಿಸಿ ಓಡಿದ್ದು ಅವನಿಗೆ ನೆನಪಿದೆ. ಬಾಟಲಿ ಕಿಟಕಿಯ ಪಕ್ಕ ಬಿಸಿಲಿನಲ್ಲೇ ಉಳಿದದ್ದು ನೆನಪಾಗಲಿಲ್ಲ. ಆಸ್ಪತ್ರೆ, ಕಾಗದಪತ್ರ, ಮಗಳು ಬರುವ ದಾರಿ ಕಾಯುವುದು, ಇದರಲ್ಲೇ ಎರಡು ದಿನ ಕಳೆಯಿತು. ಗುರುವಾರ ಮ್ಯಾನೇಜರ್ ಫೋನ್ ಮಾಡಿ, ಕೊಳ ತುಂಬಿ ದಂಡೆ ಒಸರುತ್ತಿದೆ, ಫಲಿತಾಂಶ ಇವತ್ತೇ ಬೇಕು ಎಂದರು. ನಿದ್ದೆಗೆಟ್ಟ ಕಣ್ಣಿನಲ್ಲಿ ಹೋದ ಮೌನಿ ಮೇಜಿನ ಮೇಲೆ ಕಂಡ ಬಾಟಲಿಯನ್ನೇ ಪರೀಕ್ಷೆಗೆ ಹಾಕಿದ. ಒಂದೊಂದು ಆಮ್ಲಕ್ಕೂ ಗೆರೆ ಏರಿಸಿ ತೋರಿಸುವ ಯಂತ್ರದ ಕಾಗದದ ಮೇಲೆ ಹಿರಿಯಣ್ಣ ಒಬ್ಬನೇ ಸಣ್ಣಗೆ ತಲೆ ಎತ್ತಿದ. ತಮ್ಮಂದಿರ ಜಾಗದಲ್ಲಿ ಗೆರೆ ನೆಲ ಹಿಡಿದು ಹೋಗಿತ್ತು. ಬೇರೆ ದಿನವಾಗಿದ್ದರೆ, ಉಳಿದವರೆಲ್ಲ ಎಲ್ಲಿ ಎಂದು ಅವನೇ ಕೇಳಿಕೊಳ್ಳುತ್ತಿದ್ದ. ಅವತ್ತು ಮೂವತ್ತೊಂದು ಎಂದು ಬರೆದು, ಸಹಿ ಹಾಕಿ, ಮತ್ತೆ ಅಕ್ಕನ ಮನೆಗೆ ಓಡಿದ್ದ.

* * *

"ಸರ್, ಆ ಮೂವತ್ತೊಂದು ತಪ್ಪು."

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಹೇಳಿದ್ದು ಯಾರು ಎಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಆ ದನಿಯ ಪರಿಚಯ ಅಲ್ಲಿ ಅನೇಕರಿಗೆ ಇರಲಿಲ್ಲ.

"ಏನಂದ್ರಿ?" ಎಂದರು ಮ್ಯಾನೇಜರ್.

"ಆ ಬಾಟಲಿ ಎರಡು ದಿನ ಬಿಸಿಲಲ್ಲಿತ್ತು. ಆಮ್ಲ ಹಾಕಿರಲಿಲ್ಲ. ಇದ್ದದ್ದಕ್ಕಿಂತ ಕಡಿಮೆ ತೋರಿಸಿದೆ. ಅಕ್ಕ ಸರಿಯಾಗೇ ಇಟ್ಟು ಹೋಗಿದ್ರು. ಮರೆತೋನು ನಾನು."

ಮ್ಯಾನೇಜರ್ ಅವನ ಮೊಣಕೈ ಮುಟ್ಟಿ, "ಬನ್ನಿ, ಹೊರಗೆ ಮಾತಾಡೋಣ," ಎಂದರು. ಮೌನಿ ಕದಲಲಿಲ್ಲ. ಒಂದು ಹೆಜ್ಜೆ ಕಿತ್ತರೂ ಬಾಯಿ ಮತ್ತೆ ಕಟ್ಟಿಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಹಾಗಾದ್ರೆ ಸರಿಯಾದದ್ದು ಎಷ್ಟು?"

"ಗೊತ್ತಿಲ್ಲ ಸರ್. ಅಕ್ಕನ ಎರಡನೇ ಬಾಟಲಿ ಇಲ್ಲಿದೆ. ಮಾಡಿ ನೋಡ್ಬೇಕು."

"ಗೊತ್ತಿಲ್ಲ ಅಂತ ನಾನು ಯಾರಿಗೆ ಬರೀಲಿ? ಕೊಳ ತುಂಬಿದೆ, ದಂಡೆ ಒಸರ್ತಿದೆ. ಹಳ್ಳಕ್ಕೆ ಬಿಡಬೇಕು, ಇಲ್ಲಾಂದ್ರೆ ಐದನೇ ಕೊಳಕ್ಕೆ ಪಂಪ್ ಮಾಡ್ಬೇಕು. ಪಂಪ್ ಮಾಡೋದಾದ್ರೆ ಅಷ್ಟು ದಿನ ಕುಲುಮೆ ನಿಲ್ಲಿಸ್ಬೇಕು. ಸುಮ್ನೆ ಅನುಮಾನಕ್ಕೆ ಕುಲುಮೆ ಆರಿಸೋಕಾಗುತ್ತಾ ಮೌನಿಯವರೇ? ನಿಮ್ಮ ಸಹಿ ಇರೋ ಕಾಗದ ನನ್ನ ಹತ್ರ ಇದೆ. ಅದನ್ನ ತಳ್ಳಿಹಾಕೋ ಇನ್ನೊಂದು ಕಾಗದ ನಾಲ್ಕರ ಒಳಗೆ ಬಂದ್ರೆ ಗೇಟ್ ಮುಚ್ಚಿರುತ್ತೆ. ಬರಲಿಲ್ಲ ಅಂದ್ರೆ ತೆಗೆಸ್ತೀನಿ." ಅವರು ಹಣೆ ಒರೆಸಿಕೊಂಡರು. "ಇವರ ಜಾಗಕ್ಕೆ ನೀವೇ ಅಂತ ಇವತ್ತು ಬೆಳಿಗ್ಗೆ ತಾನೇ ಬರೆದು ಕಳಿಸಿದೀನಿ. ಈಗ ನಾನೇನು ತಿಳ್ಕೋಬೇಕು?"

ಮ್ಯಾನೇಜರ್ ಕೆಟ್ಟ ಮನುಷ್ಯರೇನಲ್ಲ. ತುಂಬಿದ ಕೊಳದ ಪಕ್ಕ ನಿಂತವರು ಯಾರಾದರೂ ಹಾಗೆಯೇ ಮಾತಾಡುತ್ತಾರೆ. ಮೌನಿ ಗೋಡೆಯ ಗಡಿಯಾರ ನೋಡಿದ. ಹನ್ನೆರಡಕ್ಕೆ ಹತ್ತು ನಿಮಿಷ. ಪರೀಕ್ಷೆಗೆ ಮೂರೂವರೆ ಗಂಟೆ ಬೇಕು. ಹನ್ನೆರಡೂವರೆಗೆ ಅಕ್ಕನನ್ನು ಎತ್ತುತ್ತಾರೆ. ಮಣ್ಣಾಗುವ ಹೊತ್ತಿಗೆ ಎರಡು ದಾಟುತ್ತದೆ. ಮಣ್ಣಿಗೆ ನಿಂತರೆ ಕಾಗದವಿಲ್ಲ. ಕಾಗದಕ್ಕೆ ಹೋದರೆ ಮಣ್ಣಿಲ್ಲ. ಹೆಗಲು ಕೊಡಲು ಮುಂದಿನ ಎಡಗಡೆಯ ಜಾಗ ಅವನದು ಎಂದು ಭಾವ ನಿನ್ನೆಯೇ ಹೇಳಿಟ್ಟಿದ್ದ.

ಗೇಟಜ್ಜ ಅಂದ:

"ಅಕ್ಕಾನೂ ಒಂದ್ಸಲ ಹೀಗೇ ನಿಂತಿದ್ಲು. ಕ್ಯಾಂಟೀನ್ ಸ್ಟೂಲ್ ಮೇಲೆ."

* * *

ಅದು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಎರಡನೇ ಕೊಳದ ನೀರಿನ ಆಮ್ಲ ಇದ್ದಕ್ಕಿದ್ದಂತೆ ಎಂಬತ್ತಕ್ಕೆ ಏರಿತು. ಗೇಟು ಮುಚ್ಚಿತು, ಕೊಳ ತುಂಬಿತು, ಕುಲುಮೆಗಳು ನಿಂತವು. ಹತ್ತು ದಿನ ಕಾರ್ಖಾನೆಗೆ ಕಾರ್ಖಾನೆಯೇ ಕೈಕಟ್ಟಿ ಕೂತಿತು. ಕಲ್ಲನ್ನು ಸರಿಯಾಗಿ ಬೇಯಿಸಿಲ್ಲ ಎಂದು ಎಲ್ಲರೂ ಕುಲುಮೆಯ ಮೇಸ್ತ್ರಿಯ ಮೇಲೆ ಹರಿಹಾಯ್ದರು. ಆ ಮನುಷ್ಯ ಊಟ ಬಿಟ್ಟು ಅರ್ಧವಾಗಿದ್ದ.

ಹನ್ನೊಂದನೇ ದಿನ ಹುಳಿಯಕ್ಕ ಪರೀಕ್ಷೆಯ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡೋ ಇಲ್ಲಿ," ಎಂದು ಮೌನಿಯನ್ನು ಕರೆದಳು. "ಹಿರಿಯಣ್ಣ ಇಷ್ಟೆತ್ತರ ನಿಂತಿದಾನೆ. ತಮ್ಮಂದಿರು ಮಾಮೂಲಿನ ಹಾಗೇ ಇದಾರೆ. ಕಲ್ಲಿಂದ ಬಂದಿದ್ರೆ ಸಂಸಾರ ಸಮೇತ ಬರ್ತಿದ್ದ. ಒಬ್ಬನೇ ಬಂದಿದಾನೆ ಅಂದ್ರೆ ಬೇರೆ ಯಾವುದೋ ಬಾಗಿಲಿಂದ ನುಗ್ಗಿದಾನೆ."

ಕೊಳದ ನೀರಿನ ಬದಲು ಬರೀ ಶುದ್ಧ ನೀರನ್ನು ಹಾಕಿ ಎಲ್ಲ ಹಂತಗಳನ್ನೂ ಮಾಡಿದಳು. ಖಾಲಿ ನೀರಿನ ಪರೀಕ್ಷೆ ಎನ್ನುತ್ತಾರೆ ಅದಕ್ಕೆ. ದಿನವೂ ಮಾಡಬೇಕಾದದ್ದು. ಕೆಲಸದ ಒತ್ತಡದಲ್ಲಿ ಒಂದು ತಿಂಗಳಿಂದ ಅವಳೇ ಬ್ಯಾಡ ಬಿಡು ಎಂದಿದ್ದಳು. ಏನೂ ಇರಬಾರದ ನೀರಿನಲ್ಲಿ ಹಿರಿಯಣ್ಣ ಎದೆ ಸೆಟೆಸಿ ನಿಂತಿದ್ದ. ಇಬ್ಬರೂ ಪ್ರಯೋಗಾಲಯವನ್ನೆಲ್ಲ ಮೂಗಿನಿಂದ ಹುಡುಕಿದರು. ಸಿಂಕಿನ ಅಂಚಿನಲ್ಲಿ ಸೋರಿಕೆ ನಿಲ್ಲಲೆಂದು ಪ್ಲಂಬರ್ ದಪ್ಪಗೆ ಬಳಿದಿದ್ದ ಬಿಳಿಯ ಅಂಟು ಇನ್ನೂ ಒಣಗುತ್ತಿತ್ತು. ಒಣಗುವಾಗ ಅದು ವಿನೆಗರಿನ ಹಬೆ ಬಿಡುತ್ತದೆ. ಬಟ್ಟಿ ಇಳಿಸಿದ ನೀರನ್ನು ಹಿಡಿಯುವ ಪಾತ್ರೆ ಇದ್ದದ್ದು ಸರಿಯಾಗಿ ಅದರ ಪಕ್ಕದಲ್ಲಿ.

ಊಟದ ಹೊತ್ತಿಗೆ ಹುಳಿಯಕ್ಕ ಕ್ಯಾಂಟೀನಿಗೆ ಹೋಗಿ ಒಂದು ಸ್ಟೂಲ್ ಎಳೆದು ಅದರ ಮೇಲೆ ಹತ್ತಿದಳು.

"ಎಲ್ಲರೂ ಕೇಳಿ. ಕೊಳದ ನೀರು ಚೆನ್ನಾಗಿದೆ. ಕೆಟ್ಟಿದ್ದು ನನ್ನ ಸಿಂಕು. ಕುಲುಮೆಯೋರದ್ದು ಏನೂ ತಪ್ಪಿಲ್ಲ, ತಪ್ಪು ನಂದು. ಬೈಯೋರು ಈಗಲೇ ಬೈದುಬಿಡಿ. ಒಂದೂವರೆಗೆ ನಂಗೆ ಕೆಲಸ ಇದೆ."

ಕುಲುಮೆಯ ಮೇಸ್ತ್ರಿ ಎದ್ದು ನಿಂತು ಐದು ನಿಮಿಷ ಬೈದ. ಹತ್ತು ದಿನದ್ದೆಲ್ಲ ಕಕ್ಕಿದ. ಅವಳು ಸ್ಟೂಲಿನ ಮೇಲೆ ನಿಂತೇ ಕೇಳಿದಳು. ಅವನದು ಮುಗಿದ ಮೇಲೆ ಇಳಿದು, ತಟ್ಟೆ ಹಿಡಿದು, ಅವನ ಪಕ್ಕದಲ್ಲೇ ಕೂತು ಊಟ ಮಾಡಿದಳು.

"ಭಯ ಆಗಲಿಲ್ವಾ ಅಕ್ಕ?" ಎಂದು ಮೌನಿ ಆಮೇಲೆ ಕೇಳಿದ್ದ.

"ಆಯ್ತಪ್ಪ. ಸ್ಟೂಲ್ ಕಾಲು ಅಲ್ಲಾಡ್ತಿತ್ತು."

* * *

ಗೇಟಜ್ಜ ಹೇಳಿದ್ದು ಕೇಳಿ ಒಂದಿಬ್ಬರು ನಕ್ಕರು. ಕುಲುಮೆಯ ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ. ಈಗ ಅವನ ಕೂದಲೆಲ್ಲ ಬೆಳ್ಳಗಾಗಿತ್ತು. "ನಾನೇ ಬೈದೋನು," ಎಂದು ಹೇಳಿ ಮುಖ ತಿರುಗಿಸಿಕೊಂಡ.

ಗಂಡ ಕುರ್ಚಿಯಿಂದ ಎದ್ದ. "ಮೌನಿ, ಇನ್ನೂ ಇಲ್ಲೇ ನಿಂತ್ಕೊಂಡು ಏನ್ ನೋಡ್ತಿದೀಯ? ಹೋಗು."

"ಭಾವ, ಮಣ್ಣಿಗೆ ನಾನಿಲ್ಲದೆ..."

"ಇವಳೇನು ಎದ್ದು ಎಲ್ಲಿಗೂ ಹೋಗಲ್ಲ. ಆ ನೀರು ನಾಲ್ಕಕ್ಕೆ ಹೋಗಿಬಿಡುತ್ತೆ." ಹೆಂಡತಿಯ ಕಡೆ ನೋಡಿದ. "ನಮ್ಮ ಮದುವೆ ದಿನ ಊಟಕ್ಕೆ ಕೂತೋಳು ಎದ್ದು ಹೋಗಿದ್ಲು, ಪ್ರಯೋಗಾಲಯದಲ್ಲಿ ನೀರು ಬಟ್ಟಿಗಿಟ್ಟು ಬಂದಿದೀನಿ ಅಂತ. ನಾನೊಬ್ಬನೇ ಕೂತು ಮದುವೆ ಊಟ ಮಾಡಿದ್ದೀನಿ ಕಣೋ. ಪಕ್ಕದಲ್ಲಿ ಖಾಲಿ ಕುರ್ಚಿ. ಫೋಟೋ ಇದೆ, ಬೇಕಾದ್ರೆ ತೋರಿಸ್ತೀನಿ. ನೀನು ಹೋಗಲಿಲ್ಲ ಅಂದ್ರೆ ಅವಳು ನನ್ನ ಮೇಲೆ ರೇಗ್ತಾಳೆ."

"ನಿನ್ನ ಜಾಗಕ್ಕೆ ನಾನು ಹೆಗಲು ಕೊಡ್ತೀನಿ," ಎಂದ ಗೇಟಜ್ಜ. "ಹಳ್ಳದಲ್ಲಿರೋ ನನ್ನ ಬಾತುಗಳ ಕೆಲಸ ನೀನು ಮಾಡ್ತಿದೀಯಲ್ಲ, ನಿನ್ನ ಕೆಲಸ ನಾನು ಮಾಡ್ತೀನಿ."

ಮೌನಿ ಮಂಚದ ಹತ್ತಿರ ಹೋದ. ಹೇಳಬೇಕಾದ್ದು ಹದಿನಾಲ್ಕು ವರ್ಷದಷ್ಟಿತ್ತು. ಬಾಯಿಗೆ ಬಂದದ್ದು ಒಂದೇ ಮಾತು.

"ಶುರು ಮಾಡ್ತೀನಿ ಅಕ್ಕ."

* * *

ಪ್ರಯೋಗಾಲಯದಲ್ಲಿ ಅವಳ ಬಿಳಿ ಕೋಟು ಮೊಳೆಗೆ ನೇತಾಡುತ್ತಿತ್ತು. ಮೌನಿ ಅದರ ಕಡೆ ನೋಡದೆ ಎರಡು ಬರ್ನರ್ ಹಚ್ಚಿದ. ಒಂದರ ಮೇಲೆ ಅಕ್ಕನ ಬಾಟಲಿಯ ನೀರು, ಇನ್ನೊಂದರ ಮೇಲೆ ಖಾಲಿ ನೀರು. ಎರಡನೆಯದನ್ನು ಬಿಟ್ಟರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಬಿಡುವ ಮಾತೇ ಇರಲಿಲ್ಲ.

ಹಬೆ ಏರಿತು. ತಣ್ಣೀರಿನ ಕೊಳವೆ ದಾಟಿ ಹನಿ ಹನಿಯಾಗಿ ಕೆಳಗಿನ ಪಾತ್ರೆಗೆ ಬೀಳತೊಡಗಿತು. ಮೊದಲ ಹನಿ ಬಿದ್ದ ಕೂಡಲೇ ಅವನ ಮೂಗಿಗೆ ಗೊತ್ತಾಯಿತು. ಹಿರಿಯಣ್ಣ ಬಂದ, ಬೆಣ್ಣೆಯವನೂ ಬಂದ, ಕಾಲುಚೀಲದವನೂ ಬಂದ. ಆದರೆ ಮೂಗು ಸಹಿ ಹಾಕುವ ಹಾಗಿಲ್ಲ. ಹಿಡಿದ ನೀರಿನಲ್ಲಿ ಅರ್ಧವನ್ನು ಬಿರಡೆ ಹಾಕಿ ಬೇರೆ ಎತ್ತಿಟ್ಟ. ಉಳಿದರ್ಧಕ್ಕೆ, ಆಮ್ಲಗಳು ಹಾರಿಹೋಗದಂತೆ ಕ್ಷಾರ ಹಾಕಿ ಕುದಿಸಿ ಇಂಗಿಸಲು ಇಟ್ಟ. ಎಲ್ಲಕ್ಕೂ ಎರಡನೆಯದು ಒಂದಿರಬೇಕು ಎಂದು ಅವನಿಗೂ ಅಭ್ಯಾಸವಾಗಿತ್ತು.

ಒಂದು ಗಂಟೆ ಹತ್ತಕ್ಕೆ ಕಿಟಕಿಯಾಚೆಯ ರಸ್ತೆಯಲ್ಲಿ ವ್ಯಾನ್ ಹೋಯಿತು. ಕಾರ್ಖಾನೆಯ ಬೇಲಿಗುಂಟ ಬಹಳ ನಿಧಾನವಾಗಿ ಹೋಯಿತು, ಹಿಂದೆ ನಡೆದುಕೊಂಡು ಜನ. ಬಾಗಿಲಿಗೆ ಓಡಿದರೆ ನೂರು ಹೆಜ್ಜೆ. ಪಾತ್ರೆ ಕುದಿಯುತ್ತಿತ್ತು. ಬಿಟ್ಟು ಹೋದರೆ ತಳ ಹಿಡಿದು ಎಲ್ಲ ಮಣ್ಣುಪಾಲು. ಮೌನಿ ಇಕ್ಕಳ ಹಿಡಿದೇ ನಿಂತ. ಕಣ್ಣಿನಿಂದ ನೀರು ಧಾರಾಕಾರ ಸುರಿಯಿತು. ಒಂದು ಹನಿಯೂ ಪಾತ್ರೆಗೆ ಬೀಳದ ಹಾಗೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದ.

ಮೂರಕ್ಕೆ ಯಂತ್ರಕ್ಕೆ ಮೊದಲು ಖಾಲಿ ನೀರು ಕೊಟ್ಟ. ಲೇಖನಿ ಕಾಗದದ ಮೇಲೆ ನೆಟ್ಟಗೆ ಗೆರೆ ಎಳೆಯಿತು. ಒಂದು ಕಡೆಯೂ ತಲೆ ಎತ್ತಲಿಲ್ಲ. ಆಮೇಲೆ ಅಕ್ಕನ ನೀರು. ಲೇಖನಿ ಸ್ವಲ್ಪ ಹೊತ್ತು ತೆವಳಿತು, ಹಿರಿಯಣ್ಣನ ಜಾಗ ಬಂದ ಕೂಡಲೇ ಸರ್ರನೆ ಮೇಲೇರಿ ಇಳಿಯಿತು. ಅದರ ಹಿಂದೆಯೇ ಎರಡನೆಯವನು, ಮೂರನೆಯವನು, ನಾಲ್ಕು, ಐದು, ಆರು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಸಾವಿನ ಮನೆಗೆ ಬಂದ ಬಳಗದ ಹಾಗೆ ವಯಸ್ಸಿನ ಕ್ರಮದಲ್ಲಿ ನಿಂತಿದ್ದರು. ಕೂಡಿಸಿದ. ನೂರ ನಲವತ್ತೆಂಟು.

ಇನ್ನೊಮ್ಮೆ ಕೂಡಿಸಿದ. ನೂರ ನಲವತ್ತೆಂಟೇ. ಕಾಗದದ ಮೇಲೆ ಬರೆದು, ಕೆಳಗೆ 'ನಿನ್ನೆಯ ಫಲಿತಾಂಶ ತಪ್ಪು. ಕಾರಣ, ನನ್ನ ಅಜಾಗರೂಕತೆ' ಎಂದು ಸೇರಿಸಿ ಸಹಿ ಹಾಕಿದ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅವರೆಲ್ಲ ಬಂದರು. ಚಪ್ಪಲಿಗಳಲ್ಲಿ ಸ್ಮಶಾನದ ಕೆಂಪು ಮಣ್ಣು. ಮ್ಯಾನೇಜರ್ ಕಾಗದ ಓದಿದರು. ಯಂತ್ರದ ಗೆರೆಗಳನ್ನೂ ನೋಡಿದರು. ಖಾಲಿ ನೀರಿನ ಗೆರೆಯನ್ನು ಬೆರಳಿನಿಂದ ಸವರಿ ನೋಡಿದರು. ಜೇಬಿನಿಂದ ನಿನ್ನೆಯ ಕಾಗದ ತೆಗೆದು ಅಡ್ಡಗೆರೆ ಎಳೆದು, ಫೋನು ತೆಗೆದರು.

"ಕುಲುಮೆ ನಿಲ್ಲಿಸಿ. ಐದನೇ ಕೊಳಕ್ಕೆ ಪಂಪ್ ಶುರು ಮಾಡಿ. ಹೌದ್ರೀ, ಈಗಲೇ." ಫೋನು ಇಟ್ಟು ಮೌನಿಯ ಕಡೆ ತಿರುಗಿದರು. "ಅವರ ಜಾಗದ ವಿಷಯ ಬೆಳಿಗ್ಗೆ ಬರೆದು ಕಳಿಸಿದ್ದು ಕಳಿಸಾಯ್ತು. ಅದನ್ನ ವಾಪಸ್ ತರಿಸೋಕೆ ನಂಗೆ ಪುರುಸೊತ್ತಿಲ್ಲ. ಮೊದಲು ಆ ಫ್ರಿಜ್ಜು ರಿಪೇರಿ ಮಾಡಿಸಿ."

ಗೇಟಜ್ಜ ಚಕ್ರಕ್ಕೆ ಬೀಗ ಹಾಕಿ ಬರುತ್ತೇನೆಂದು ಹೊರಟ. ಬಾಗಿಲಲ್ಲಿ ನಿಂತು, "ನೂರ ನಲವತ್ತೆಂಟಾ?" ಎಂದು ಇನ್ನೊಮ್ಮೆ ಕೇಳಿ, ಬಾತುಗಳ ಲೆಕ್ಕದಲ್ಲಿ ಏನೋ ಯೋಚಿಸಿ, ತಲೆ ಕೊಡವಿಕೊಂಡು ಹೋದ. ಮ್ಯಾನೇಜರ್ ಅವನ ಹಿಂದೆ ಹೋದರು.

ಮಗಳು ಮೊಳೆಯ ಮೇಲಿನ ಕೋಟನ್ನು ಮುಟ್ಟಿದಳು. ಮೂಗಿಗೆ ಹಿಡಿದು ಬಿಟ್ಟಳು. ಆ ಕೋಟು ಕಳೆದ ವಾರ ಒಗೆದದ್ದು, ಅಮ್ಮ ಮತ್ತೆ ತೊಟ್ಟಿರಲಿಲ್ಲ; ಅದರಲ್ಲಿ ವಾಸನೆ ಇರಲಿಲ್ಲ. ಆಮೇಲೆ ಮೇಜಿನ ಕಡೆ ಬಂದಳು.

"ಮಾಮ, ಇದರಲ್ಲೇನಿದೆ?"

"ಬಟ್ಟಿ ಇಳಿಸಿದ ನೀರು. ನಿಮ್ಮಮ್ಮ ಕೊನೇದಾಗಿ ತಂದದ್ದು. ಅರ್ಧ ಎತ್ತಿಟ್ಟಿದೀನಿ. ತೆಗೀಬೇಡ, ವಾಸನೆ ಬರುತ್ತೆ."

ಅವಳು ಬಿರಡೆ ತೆಗೆದಳು. ಹುಳಿಯಾದ, ಹಳಸಿದ, ಮೂಗು ಹಿಡಿಯಬೇಕಾದ ವಾಸನೆ ಮೇಲೆದ್ದಿತು. ಅವಳು ಮೂಗು ಹಿಡಿಯಲಿಲ್ಲ. ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದು ಉಸಿರೆಳೆದುಕೊಂಡಳು. ಮತ್ತೆ ಎಳೆದುಕೊಂಡಳು.

"ಅಮ್ಮ," ಎಂದಳು.

ಹಾಗೆಂದು ಕಣ್ಣು ಮುಚ್ಚಿ ನಿಂತೇಬಿಟ್ಟಳು. ಮನೆಯಲ್ಲಿ ತಂತಿಯ ಮೇಲೆ ಮೂರು ಸಲ ಒಗೆದ ಬಟ್ಟೆಗಳು ಒಣಗುತ್ತಿದ್ದವು. ಅವುಗಳಲ್ಲಿ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಹಳ್ಳದ ಕಡೆಯಿಂದ ಗಾಳಿ ಬೀಸಿತು. ಮೇಜಿನ ಮೇಲಿನ ಕಾಗದ ಅಲುಗಿತು. ಬೆಳಿಗ್ಗೆಯಿಂದ ಎಲ್ಲರಿಗೂ ಕತೆ ಹೇಳುತ್ತಿದ್ದ ಗಂಡ ಈಗ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಮಗಳನ್ನು ನೋಡಿದ. ಮೂಗಿನ ಹೊಳ್ಳೆ ಅಗಲಿಸಿ ಅವನೂ ಒಮ್ಮೆ ಉಸಿರೆಳೆದ. ನಿಧಾನವಾಗಿ ಎದ್ದು ಸಿಂಕಿನ ಮೇಲಿನ ಕಿಟಕಿ ಮುಚ್ಚಿದ. ಯಂತ್ರದ ಪಕ್ಕದ್ದನ್ನು ಮುಚ್ಚಿದ. ಮೇಜನ್ನು ಸುತ್ತಿ ಹೋಗಿ ಮೂರನೆಯದನ್ನು ಮುಚ್ಚಿದ. ನಾಲ್ಕನೆಯದರ ಚಿಲಕ ಬಿಗಿಯಾಗಿತ್ತು. ಎರಡೂ ಕೈಯಿಂದ ಒತ್ತಿ ಅದನ್ನೂ ಹಾಕಿದ.